ಒಂದು ಮಾರು ದೂರ



ಇಂದಿನ ಚಿಂತನೆಗೆ ಒಂದು ಸಣ್ಣ ಪ್ರಶ್ನೆ: ದೂರ ಎಂದರೆ ಎಷ್ಟು?

ಕಾರವಾರ, ಅಂಕೋಲೆಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಈಗ ದಿನವೂ ಏಳುತ್ತದೆ. ಒಬ್ಬರ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬರ ಮಗಳು ದುಬೈಯಲ್ಲಿ, ಮತ್ತೊಬ್ಬರ ಅಳಿಯ ಅಮೆರಿಕದಲ್ಲಿ. ನಮ್ಮ ಅಧ್ಯಯನ ಬಳಗದ ಹಿರಿಯ ಉಪಾಸಿಕೆಯೊಬ್ಬರು ಹೀಗೆ ಕೇಳಿದ್ದರು: "ಓದಿಸಿದೆವು, ಕಳಿಸಿದೆವು. ಹೋದವರು ಹೋದರು. ಹೀಗೆ ದೂರ ಹೋಗುವುದು ಬಿಡುಗಡೆಯೋ, ನಮ್ಮನ್ನು ಬಿಟ್ಟುಹೋಗುವುದೋ?"

ಈ ಪ್ರಶ್ನೆಗೆ ಕಣ್ಣೀರಿನಿಂದ ಉತ್ತರ ಹೇಳುವುದು ಸುಲಭ. ಆದರೆ ಬಾಬಾಸಾಹೇಬರು ನಮಗೆ ಲೆಕ್ಕ ಹಾಕಿ ಯೋಚಿಸುವುದನ್ನು ಕಲಿಸಿದ್ದಾರೆ. ಹಾಗಾಗಿ ಮೊದಲು ಲೆಕ್ಕವನ್ನೇ ನೋಡೋಣ.

*ಅಳೆಯಬಹುದಾದ ದೂರ*

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ಹಾರಿಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಎರಡು ನಗರಗಳ ನಡುವಿನ ನೇರ ದೂರ 13,993 ಕಿ.ಮೀ. ಹಾರಾಟದ ಸಮಯ ಸುಮಾರು 17 ಗಂಟೆ. ಅಲ್ಲಿಯ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ ಇರುವುದರಿಂದ, 9ರ ರಾತ್ರಿ ಹೊರಟವರು ಇಳಿದದ್ದು 11ರ ನಸುಕಿನಲ್ಲಿ.

ಆ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂದಿತ್ತು. ಗೋಡೆಯ ನಕಾಶೆ ನೋಡಿದರೆ ಇದು ಸುತ್ತು ದಾರಿ ಎನಿಸುತ್ತದೆ. ಶಾಲೆಯಲ್ಲಿರುವ ಗೋಳದ ಮೇಲೆ ಒಂದು ದಾರ ಹಿಡಿದು ಎರಡೂ ಊರುಗಳನ್ನು ಮುಟ್ಟಿಸಿ ನೋಡಿ. ದಾರ ತಾನಾಗಿ ಉತ್ತರದ ತುದಿಯ ಕಡೆಗೆ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಅದೇ ಹತ್ತಿರದ ದಾರಿ. ಚಪ್ಪಟೆ ನಕಾಶೆಯನ್ನು ನಂಬಿದವರಿಗೆ ಹತ್ತಿರದ ದಾರಿ ದೂರವಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಇಳಿದವರು ಅಂಕೋಲೆಗೆ ಬರಬೇಕು. ನೇರ ಗೆರೆ ಎಳೆದರೆ ಸುಮಾರು 400 ಕಿ.ಮೀ. ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ಗೋವಾಕ್ಕೋ ಹುಬ್ಬಳ್ಳಿಗೋ ಹಾರಿ, ಅಲ್ಲಿಂದ ರಸ್ತೆ ಹಿಡಿಯಬೇಕು. ಇಲ್ಲವೇ ಬಸ್ಸಿನಲ್ಲೋ ರೈಲಿನಲ್ಲೋ ಇಡೀ ರಾತ್ರಿ ಘಟ್ಟ ಇಳಿಯಬೇಕು. ಹದಿನಾಲ್ಕು ಸಾವಿರ ಕಿ.ಮೀ.ಗೆ ಹದಿನೇಳು ಗಂಟೆ, ಉಳಿದ ನಾನೂರಕ್ಕೆ ಒಂದು ರಾತ್ರಿ.

2024ರ ಮಳೆಗಾಲವನ್ನು ನಾವ್ಯಾರೂ ಮರೆತಿಲ್ಲ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆಯೂ ಗಂಗಾವಳಿಯೊಳಗೂ ಬಿತ್ತು. ಜೀವಗಳು ಹೋದವು. ಅಂಕೋಲೆಯಿಂದ ಕುಮಟೆಗೆ ಹೋಗುವವರು ಎಷ್ಟೋ ದಿನ ಸುತ್ತು ಹಾಕಿಕೊಂಡು ಹೋದರು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಇರುವುದು ಒಂದು ಹೊಳೆ ಮಾತ್ರ, ಆದರೂ ಆ ರಾತ್ರಿ ಆಚೆ ದಡ ಬೇರೆ ದೇಶದಂತಾಯಿತು. ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಒಂದೂ ಬದಲಾಗಲಿಲ್ಲ, ಬದಲಾದದ್ದು ದೂರ.

ಅಂದರೆ ದೂರ ಎನ್ನುವುದು ಎರಡು ಊರುಗಳ ನಡುವೆ ಇರುವ ನೆಲದ ಅಳತೆ ಮಾತ್ರ ಆಗಿರುವುದಿಲ್ಲ. ಆ ನೆಲದ ಮೇಲೆ ರಸ್ತೆ ಇದೆಯೇ, ಸೇತುವೆ ನಿಂತಿದೆಯೇ, ಟಿಕೆಟ್ಟಿಗೆ ದುಡ್ಡಿದೆಯೇ, ರಜೆ ಕೊಡುವವರಿದ್ದಾರೆಯೇ, ಇವೆಲ್ಲ ಸೇರಿ ದೂರ ಆಗುತ್ತದೆ. ತಥಾಗತರು ಪ್ರತೀತ್ಯ ಸಮುತ್ಪಾದ ಎಂದು ಹೇಳಿದ್ದು ಇದನ್ನೇ. ಯಾವುದೂ ತಾನಾಗಿ ಇಲ್ಲ, ಕಾರಣಗಳು ಸೇರಿ ಉಂಟಾಗುತ್ತದೆ, ಕಾರಣ ಬದಲಾದರೆ ಅದೂ ಬದಲಾಗುತ್ತದೆ. ದೂರವೂ ಹಾಗೆಯೇ.

ಇದಕ್ಕೊಂದು ಬೆಲೆಯೂ ಇದೆ. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣದ ಜೊತೆಗೆ ನಾಗರಿಕ ವಿಮಾನಗಳಿಗೂ ಜಾಗ ಮಾಡುವ ಯೋಜನೆ ಇದೆ. ಅದು ಆದ ದಿನ ಹೊರದೇಶದ ನಮ್ಮ ಮಕ್ಕಳು ನಮ್ಮ ಮನೆಯ ಹತ್ತಿರವೇ ಇಳಿಯಬಹುದು. ಸಂತೋಷ. ಆದರೆ ಅದಕ್ಕಾಗಿ ಗದ್ದೆ ಮನೆ ಬಿಡುವ ಕುಟುಂಬಗಳಿಗೆ ತಮ್ಮ ನೆಲವೇ ದೂರವಾಗುತ್ತದೆ. ಸೀಬರ್ಡ್ ಯೋಜನೆಯಲ್ಲಿ ಊರು ಬಿಟ್ಟವರನ್ನು ನಾವು ಕಂಡಿದ್ದೇವೆ. ಒಬ್ಬರ ದೂರ ಕಡಿಮೆಯಾಗುವಾಗ ಯಾರ ದೂರ ಹೆಚ್ಚಾಯಿತು ಎಂದು ಕೇಳುವುದು ಧಮ್ಮದ ಅಭ್ಯಾಸ.

*ಒಂದು ಮಾರು*

ಈಗ ಇನ್ನೊಂದು ಅಳತೆಗೆ ಬರೋಣ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಒಂದು ಮಾರು. ಸುಮಾರು ಆರು ಅಡಿ. ಹೂವು ಮಾರುವವರಿಗೆ, ಹಗ್ಗ ಅಳೆಯುವವರಿಗೆ, ದೋಣಿಯವರಿಗೆ ಈ ಅಳತೆ ಗೊತ್ತು. ನಮ್ಮ ಅಜ್ಜ ಅಜ್ಜಿಯರಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿತ್ತು. ಮಾರು ದೂರ ನಿಲ್ಲಬೇಕು. ಅಂಗಳದ ಆಚೆ ನಿಲ್ಲಬೇಕು. ಕೂಲಿ ಮೇಲಿಂದ ಬೀಳುತ್ತದೆ, ನೀರು ಮೇಲಿಂದ ಸುರಿಯುತ್ತದೆ. ಆ ಆರು ಅಡಿಯನ್ನು ದಾಟುವ ವಾಹನವನ್ನು ಯಾರೂ ಕಂಡುಹಿಡಿದಿರಲಿಲ್ಲ.

ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ 1901ರ ಒಂದು ಪ್ರಯಾಣವನ್ನು ಹೇಳುತ್ತಾರೆ. ಆಗ ಅವರು ಚಿಕ್ಕ ಹುಡುಗ. ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಹೊಸ ಬಟ್ಟೆ ತೊಟ್ಟು ರೈಲು ಹತ್ತಿ ಮಸೂರ್ ನಿಲ್ದಾಣದಲ್ಲಿ ಇಳಿದರು. ಮಹಾರ ಮಕ್ಕಳು ಎಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರ ಹಿಂದೆ ಸರಿದ. ಗಾಡಿಯವರು ಯಾರೂ ಬರಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಆದರೆ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂದ. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಕೆಲವೇ ಗಂಟೆಗಳ ದಾರಿಗೆ ಇಡೀ ರಾತ್ರಿ ಕಳೆದು, ತಲುಪಿದ್ದು ಮಾರನೆಯ ದಿನ.

ಆ ಗಾಡಿಯವನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗಾಡಿ ಅವನದು, ಎತ್ತು ಅವನದು, ಕೂರಲು ಜಾಗ ಇದೆ. ಆದರೂ ನಡೆಯುತ್ತಾನೆ, ಕಾಲು ನೋಯಿಸಿಕೊಳ್ಳುತ್ತಾನೆ. ಒಂದು ಮಾರು ದೂರವನ್ನು ಕಾಯ್ದುಕೊಳ್ಳಲು ಮೈಲಿಗಟ್ಟಲೆ ನಡೆಯಲು ಸಿದ್ಧ. ಜಾತಿ ಎನ್ನುವುದು ಕಟ್ಟಿ ಹಾಕುವುದು ಕೆಳಗಿನವರನ್ನು ಮಾತ್ರ ಎಂದು ಯಾರು ಹೇಳಿದರು?

ಈ ಹಿನ್ನೆಲೆಯಲ್ಲಿ ಊರು ಬಿಟ್ಟು ಹೋಗುವುದನ್ನು ನೋಡಬೇಕು. ಬೇರೆಯವರ ಕತೆ ಸಿನಿಮಾಗಳಲ್ಲಿ ಊರು ಎಂದರೆ ಅಮ್ಮನ ಮಡಿಲು. ನಮಗೆ ಊರು ಎಂದರೆ ಊರಿನ ಹೊರಗೆ ನಿಲ್ಲಿಸಿದ ಜಾಗ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಆರಾಧನೆಯನ್ನು ಖಂಡಿಸಿ ಮಾತನಾಡಿದ್ದು ಇದೇ ಅನುಭವದಿಂದ. 1913ರಲ್ಲಿ ನ್ಯೂಯಾರ್ಕಿಗೆ ಹೋದಾಗಲೇ ಅವರಿಗೆ ಸಮಾನನಾಗಿ ಬದುಕುವುದು ಎಂದರೇನು ಎಂದು ಕಂಡದ್ದು. ಬಸ್ಸು, ರೈಲು, ವಿಮಾನ ನಮ್ಮ ಪಾಲಿಗೆ ಬರೀ ಯಂತ್ರಗಳಾಗಿರಲಿಲ್ಲ. ಸೀಟಿನ ನಂಬರ್ ಜಾತಿ ಕೇಳುವುದಿಲ್ಲ. ಆದುದರಿಂದ ದೂರ ಹೋದ ಮಕ್ಕಳನ್ನು "ಬಿಟ್ಟು ಹೋದರು" ಎಂದು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರನ್ನು ಕಳಿಸಲಿಕ್ಕೆಂದೇ ಎರಡು ತಲೆಮಾರು ಬೆವರು ಸುರಿಸಿವೆ.

*ಟಿಕೆಟ್ ಇಲ್ಲದೆ ಪ್ರಯಾಣ ಮಾಡುವುದು*

ಆದರೆ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಸಾಗರ ದಾಟಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡಾದಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಅಟ್ಲಾಂಟಿಕ್ ದಾಟಿದ್ದು ಸುಲಭವಾಯಿತು, ಒಂದು ಹೊಸ್ತಿಲು ದಾಟುವುದು ಆಗಲಿಲ್ಲ.

1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು, ಹಿಂದೂಗಳು ಬೇರೆ ದೇಶಗಳಿಗೆ ವಲಸೆ ಹೋದರೆ ಜಾತಿ ಜಗತ್ತಿನ ಸಮಸ್ಯೆ ಆಗುತ್ತದೆ ಎಂಬ ಎಚ್ಚರಿಕೆಯನ್ನು ಎತ್ತಿ ಹೇಳಿದ್ದರು. ನೂರು ವರ್ಷ ಕಳೆದು 2023ರ ಫೆಬ್ರವರಿ 21ರಂದು ಅಮೆರಿಕದ ಸಿಯಾಟಲ್ ನಗರ ಸಭೆ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂತು. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಅಂಥದೇ ಮಸೂದೆಯನ್ನು ಒಪ್ಪಿತು, ಆದರೆ ಅಕ್ಟೋಬರಿನಲ್ಲಿ ಅಲ್ಲಿಯ ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ.

ಯೋಚಿಸಿ. 13,993 ಕಿ.ಮೀ. ದೂರದಲ್ಲಿಯೂ ಆ ಒಂದು ಮಾರು ಹಾಗೆಯೇ ಇದೆ. ಅದಕ್ಕೆ ಪಾಸ್‌ಪೋರ್ಟ್ ಬೇಡ, ಬೋರ್ಡಿಂಗ್ ಪಾಸ್ ಬೇಡ, ತೂಕದ ಮಿತಿ ಇಲ್ಲ. ಹೊತ್ತವರ ಮನಸ್ಸಿನಲ್ಲಿ ಮಡಚಿಕೊಂಡು ಹೋಗುತ್ತದೆ, ಇಳಿದ ಕೂಡಲೇ ಬಿಚ್ಚಿಕೊಳ್ಳುತ್ತದೆ.

*ರೋಹಿತಸ್ಸನ ನಡಿಗೆ*

ಸಂಯುತ್ತ ನಿಕಾಯದಲ್ಲಿಯೂ ಅಂಗುತ್ತರ ನಿಕಾಯದಲ್ಲಿಯೂ ರೋಹಿತಸ್ಸನ ಸುತ್ತ ಇದೆ. ದೇವಪುತ್ರ, ಆಕಾಶದಲ್ಲಿ ನಡೆಯುವ ಋಷಿ ಎಂಬ ಮಾತುಗಳು ಅದರಲ್ಲಿ ಬರುತ್ತವೆ. ಅವನ್ನು ಕತೆಯ ಉಡುಪು ಎಂದು ತಿಳಿದು, ಒಳಗಿನ ವಿಚಾರ ನೋಡೋಣ.

ರೋಹಿತಸ್ಸ ಬುದ್ಧರನ್ನು ಕೇಳುತ್ತಾನೆ: ಹುಟ್ಟು, ಮುಪ್ಪು, ಸಾವು ಇಲ್ಲದ ಲೋಕದ ಕೊನೆಯನ್ನು ಪ್ರಯಾಣ ಮಾಡಿ ಮುಟ್ಟಬಹುದೇ? ಇಲ್ಲ ಎನ್ನುತ್ತಾರೆ ಬುದ್ಧರು. ಅವನು ಬೆರಗಾಗುತ್ತಾನೆ. ಹಿಂದೊಮ್ಮೆ ತಾನು ಋಷಿಯಾಗಿದ್ದಾಗ ಬಾಣದಷ್ಟು ವೇಗದಲ್ಲಿ ಹೋಗಬಲ್ಲವನಾಗಿದ್ದೆ, ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರಕ್ಕೆ ಒಂದೇ ಹೆಜ್ಜೆ ಇಡುತ್ತಿದ್ದೆ, ಊಟ, ನಿದ್ದೆ, ಶೌಚದ ಹೊತ್ತು ಬಿಟ್ಟರೆ ನೂರು ವರ್ಷ ನಡೆದೆ, ಆದರೂ ಲೋಕದ ಕೊನೆ ಸಿಗದೆ ದಾರಿಯಲ್ಲಿಯೇ ಸತ್ತೆ ಎನ್ನುತ್ತಾನೆ. ಆಗ ಬುದ್ಧರು ಹೇಳುವುದರ ಸಾರ ಇಷ್ಟು: ನಡೆದು ಲೋಕದ ಕೊನೆ ಮುಟ್ಟಲಾಗದು, ಆದರೆ ಲೋಕದ ಕೊನೆ ಮುಟ್ಟದೆ ದುಃಖದ ಕೊನೆಯೂ ಇಲ್ಲ. ಆ ಲೋಕ, ಅದರ ಹುಟ್ಟು, ಅದರ ಕೊನೆ, ಕೊನೆಗೆ ಒಯ್ಯುವ ದಾರಿ, ಎಲ್ಲವೂ ಅರಿವು ಮನಸ್ಸು ಕೂಡಿದ ಈ ಒಂದು ಮಾರು ಉದ್ದದ ದೇಹದಲ್ಲಿಯೇ ಇವೆ.

ಒಂದು ಮಾರು! ಯಾವ ಅಳತೆಯಿಂದ ನಮ್ಮನ್ನು ಹೊರಗೆ ನಿಲ್ಲಿಸಿದ್ದರೋ ಅದೇ ಅಳತೆಯಲ್ಲಿ ಬುದ್ಧರು ಇಡೀ ಲೋಕವನ್ನು ಇಟ್ಟು ತೋರಿಸಿದರು. ಜಾತಿಯ ಹುಟ್ಟೂ ಅಲ್ಲಿಯೇ ಇದೆ, ಹೊತ್ತವರ ಆ ಒಂದು ಮಾರು ದೇಹದ ಮನಸ್ಸಿನಲ್ಲಿ. ಕೊನೆಯೂ ಅಲ್ಲಿಂದಲೇ ಶುರುವಾಗಬೇಕು.

ಇಲ್ಲಿ ಒಂದು ಎಚ್ಚರ ಬೇಕು. "ಹಾಗಾದರೆ ಎಲ್ಲವೂ ಮನಸ್ಸಿನೊಳಗೆ, ಕಣ್ಣು ಮುಚ್ಚಿ ಕೂತರೆ ಸಾಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮ ಮನುಷ್ಯನಿಗೂ ಮನುಷ್ಯನಿಗೂ ಇರುವ ಸಂಬಂಧದ ಧಮ್ಮ. ರೋಹಿತಸ್ಸ ಸುತ್ತವನ್ನು ಮಹಾಡಿನ ಜೊತೆ ಇಟ್ಟು ಓದಬೇಕು. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ನಿರ್ಣಯ ಮಾಡಿತ್ತು. ನಮ್ಮ ಉತ್ತರ ಕನ್ನಡವೂ ಆಗ ಅದೇ ಪ್ರಾಂತದಲ್ಲಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ದೂರ ಅಳಿಸಿತ್ತು, ನೆಲದ ಮೇಲೆ ಉಳಿದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಿ ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆಯೇ ಆ ಕೆಲವು ಹೆಜ್ಜೆಗಳ ದೂರ ಮುರಿದದ್ದು. ಒಳಗಿನ ಮಾರು ದಾಟಿದವರು ಹೊರಗಿನ ಮಾರನ್ನೂ ದಾಟಬೇಕು.

ನಮ್ಮ ಕಾರವಾರಕ್ಕೂ ಇಂಥದೊಂದು ನೆನಪಿದೆ. 1880ರ ದಶಕದಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಟಾಗೋರ್ ಇಲ್ಲಿಗೆ ಬಂದಿದ್ದರು. ಈಗ ಕಡಲತೀರಕ್ಕೆ ಅವರದೇ ಹೆಸರು. ಇಲ್ಲಿದ್ದಾಗ ಅವರು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಅದರಲ್ಲಿ ಲೋಕದ ಕಟ್ಟುಗಳನ್ನೆಲ್ಲ ಕಡಿದುಕೊಂಡೆ ಎಂದು ಬೀಗುವ ಒಬ್ಬ ಸಂನ್ಯಾಸಿ ಇದ್ದಾನೆ, ಎಲ್ಲರೂ ಮುಟ್ಟಲು ಹೇಸುವ ಒಬ್ಬ ಅನಾಥ ಹುಡುಗಿ ಇದ್ದಾಳೆ. ಅವಳ ಪ್ರೀತಿಗೆ ಹೆದರಿ ಅವನು ದೂರ ಓಡುತ್ತಾನೆ. ಮನಸ್ಸು ತಿರುಗಿ ಮರಳಿ ಬರುವಷ್ಟರಲ್ಲಿ ಅವಳು ಉಳಿದಿರುವುದಿಲ್ಲ. ಲೋಕವನ್ನೇ ದಾಟಲು ಹೊರಟವನಿಗೆ ಆ ಮಗುವಿನವರೆಗಿನ ದೂರ ಹೊತ್ತಿಗೆ ಸರಿಯಾಗಿ ದಾಟಲಾಗಲಿಲ್ಲ.

*ಹಾಗಾದರೆ ಋಣ?*

ಉಪಾಸಿಕೆಯವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ದೂರ ಹೋಗುವುದು ತಪ್ಪಲ್ಲ. ಧಮ್ಮವೇ ನಡೆದು ಹರಡಿದ್ದು. ಜ್ಞಾನೋದಯವಾದ ಮೇಲೆ ಬುದ್ಧರು ಬೋಧಗಯೆಯಲ್ಲಿಯೇ ಕೂರಲಿಲ್ಲ. ನೇರ ಗೆರೆಯಲ್ಲಿಯೇ ಇನ್ನೂರು ಕಿ.ಮೀ.ಗೂ ಹೆಚ್ಚು ದೂರದ ಸಾರನಾಥಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಅಲ್ಲಿದ್ದದ್ದು ತಮ್ಮನ್ನು ತಿರಸ್ಕರಿಸಿ ಬಿಟ್ಟುಹೋದ ಐವರು. ಬಂದರೆ ಎದ್ದು ನಿಲ್ಲಬಾರದು ಎಂದು ಮಾತಾಡಿಕೊಂಡವರು. ಅವರ ಕಡೆಗೇ ನಡೆದರು. ಆಮೇಲೆ ಭಿಕ್ಖುಗಳನ್ನು ಬಹುಜನರ ಹಿತಕ್ಕಾಗಿ ಬೇರೆ ಬೇರೆ ದಿಕ್ಕಿಗೆ ಕಳಿಸಿದರು. ಆದುದರಿಂದ ಎಷ್ಟು ದೂರ ಹೋದೆ ಎನ್ನುವುದಕ್ಕಿಂತ ಯಾರ ಕಡೆಗೆ ಹೋದೆ ಎನ್ನುವುದು ಮುಖ್ಯ.

1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು, ಓದಿ ಉದ್ಯೋಗ ಹಿಡಿದವರು ಸಮಾಜವನ್ನು ಮರೆತರೆಂದು ನೊಂದು ಮಾತಾಡಿದ್ದನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಅದನ್ನು ಹೊರಗೆ ಹೋದವರ ಮೇಲೆ ಕಲ್ಲಿನಂತೆ ಎಸೆಯುತ್ತೇವೆ. ಅವರ ಋಣ ಊರಿಗೆ ಅಲ್ಲವೇ ಅಲ್ಲ. ನಮ್ಮನ್ನು ಹೊರಗಿಟ್ಟ ಊರಿಗೆ ಯಾವ ಋಣ? ಋಣ ಇರುವುದು ಇನ್ನೂ ಆ ಅಂಗಳದ ಆಚೆ ನಿಂತವರಿಗೆ. ಅದನ್ನು ತೀರಿಸಲು ಅಂಕೋಲೆಗೇ ಬರಬೇಕೆಂದಿಲ್ಲ. ಸಿಯಾಟಲ್‌ನಲ್ಲಿ ಜಾತಿಯ ವಿರುದ್ಧ ಸಾಕ್ಷಿ ಹೇಳಿದವರೂ ಅದನ್ನು ತೀರಿಸಿದರು. ಇಲ್ಲಿಯ ಒಂದು ಮಗುವಿನ ಫೀಸು ಕಟ್ಟಿ, ತಿಂಗಳಿಗೊಮ್ಮೆ ಅದರ ಜೊತೆ ಅರ್ಧ ಗಂಟೆ ಮಾತಾಡಿ, "ನಾನೂ ಅಲ್ಲಿಂದಲೇ ಬಂದವನು" ಎಂದು ಹೇಳುವವರು ಅದನ್ನು ತೀರಿಸುತ್ತಾರೆ. ಹೊಸ ಹೆಸರು ಇಟ್ಟುಕೊಂಡು, ಹೊಸ ಬಡಾವಣೆಯಲ್ಲಿ ಮನೆ ಮಾಡಿ, ತಮ್ಮವರು ಬಂದಾಗ ಬಾಗಿಲಲ್ಲಿಯೇ ಮಾತಾಡಿಸಿ ಕಳಿಸುವವರು ಬೆಂಗಳೂರಿನಲ್ಲಿ ಇದ್ದರೂ ದೂರ ಇದ್ದಾರೆ. ಅವರು ಹೊಡೆಯುತ್ತಿರುವುದು ಆ ಗಾಡಿಯವನ ಗಾಡಿಯನ್ನೇ.

ಇನ್ನು ಇಲ್ಲಿಯೇ ಉಳಿದ ನಾವು? ಉಳಿದ ಮಾತ್ರಕ್ಕೆ ಹತ್ತಿರದವರಾದೆವೇ? ಕಾರವಾರ ಅಂಕೋಲೆಯ ನಡುವೆ ಬರೀ 33 ಕಿ.ಮೀ. ವಿಹಾರಕ್ಕೆ ಒಟ್ಟಿಗೆ ಬರುತ್ತೇವೆ, ಪಂಚಶೀಲ ಒಟ್ಟಿಗೆ ಹೇಳುತ್ತೇವೆ. ಮದುವೆಯ ಮಾತು ಬಂದಾಗ "ಅವರು ನಮ್ಮ ಪೈಕಿ ಅಲ್ಲ" ಎನ್ನುತ್ತೇವೆ. ನಮ್ಮೊಳಗಿನ ಒಳಜಾತಿಗಳ ನಡುವೆ ಆ ಮಾರನ್ನು ನಾವೇ ಅಳೆದು ಇಟ್ಟುಕೊಂಡಿದ್ದೇವೆ. 22 ಪ್ರತಿಜ್ಞೆ ತೊಟ್ಟ ಬಾಯಿಯಿಂದ ಈ ಮಾತು ಬಂದಾಗ ದುಬೈಯಲ್ಲಿರುವ ಮಗಳು ನಮ್ಮಿಂದ ದೂರ ಹೋದಳು ಎಂದು ಅಳುವ ಹಕ್ಕು ನಮಗೆ ಎಷ್ಟಿದೆ?

ಈ ದೂರ ಒಂದೇ ದಿನದಲ್ಲಿ ದಾಟುವಂಥದಲ್ಲ ಎಂಬುದೂ ನಿಜ. ಬಾಬಾಸಾಹೇಬರು 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ಯೇವಲೆಯಿಂದ ನಾಗಪುರಕ್ಕೆ ನೇರ ದೂರ ಸುಮಾರು 500 ಕಿ.ಮೀ. ವಿಮಾನಕ್ಕೆ ಒಂದು ಗಂಟೆಯ ಕೆಲಸ. ಬಾಬಾಸಾಹೇಬರಿಗೆ 21 ವರ್ಷ ಹಿಡಿಯಿತು. ಓದಿದರು, ತೂಗಿ ನೋಡಿದರು, ಜನರನ್ನು ಸಿದ್ಧಗೊಳಿಸಿದರು, ಆಮೇಲೆ ಲಕ್ಷಾಂತರ ಜನರನ್ನು ಜೊತೆಗೆ ಕರೆದುಕೊಂಡೇ ತಲುಪಿದರು. ಅವರು ಒಬ್ಬರೇ ಹೋಗುವುದಾದರೆ ಬೇಗ ಹೋಗಬಹುದಿತ್ತು.

*ಇಂದಿನ ಅಭ್ಯಾಸ*

ಇವತ್ತು ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ನಾನು ಯಾರನ್ನು ಒಂದು ಮಾರು ದೂರ ನಿಲ್ಲಿಸಿದ್ದೇನೆ? ಹೆಸರು ಬಂದರೆ ಬರೆದುಕೊಳ್ಳಿ. ಸಂಜೆಯೊಳಗೆ ಅವರಿಗೆ ಒಂದು ಫೋನು ಮಾಡಿ, ಇಲ್ಲವೇ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ ಕುಡಿಯಿರಿ. ಹೊರಗಿರುವ ಮಕ್ಕಳಿಗೂ ಇದನ್ನು ಕಳಿಸಿ, "ಯಾವಾಗ ಬರುತ್ತೀ" ಎಂಬ ಪ್ರಶ್ನೆಯ ಬದಲು "ಅಲ್ಲಿ ಯಾರ ಜೊತೆ ಕೂತು ಊಟ ಮಾಡುತ್ತೀ" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.